ಹಲ್ಲಿನಲ್ಲಿ ಉಳಿದ ತವರು

ಅಮ್ಮ ನಗುವಾಗ ಸೆರಗಿನ ತುದಿ ತಾನಾಗಿ ಬಾಯಿಗೆ ಹೋಗುತ್ತದೆ. ನನಗೆ ತಿಳಿವಳಿಕೆ ಬಂದಾಗಿನಿಂದ ಹಾಗೆಯೇ. ದಾವಣಗೆರೆಯ ನಮ್ಮ ಮನೆಯ ನಡುಮನೆಯಲ್ಲಿ ತೂಗುಹಾಕಿರುವ ಮದುವೆಯ ಫೋಟೋದಲ್ಲಿ ಅಪ್ಪ ಹಲ್ಲು ಕಾಣುವಂತೆ ನಕ್ಕಿದ್ದಾರೆ. ಅಮ್ಮನ ತುಟಿಗಳು ಮಾತ್ರ ಬಿಗಿಯಾಗಿ ಸೇರಿಕೊಂಡಿವೆ. ಚಿಕ್ಕಂದಿನಲ್ಲಿ ನಾನು ಅದನ್ನು ನಾಚಿಕೆ ಎಂದುಕೊಂಡಿದ್ದೆ. ಬೇಸಿಗೆ ರಜೆಗೆ ಮೊಳಕಾಲ್ಮುರು ತಾಲ್ಲೂಕಿನಲ್ಲಿರುವ ಅಮ್ಮನ ತವರಿಗೆ ಹೋದರೆ ಅಲ್ಲಿ ದೊಡ್ಡಮ್ಮ, ಅಂದರೆ ಅಮ್ಮನ ಅಕ್ಕ, ಜಗಲಿಯ ಮೇಲೆ ಶೇಂಗಾ ಸುಲಿಯುತ್ತ ಇಡೀ ಕೇರಿಗೆ ಕೇಳುವಂತೆ ನಗುತ್ತಿದ್ದರು. ಅವರನ್ನು ಅದೇ ಊರಿಗೇ ಕೊಟ್ಟಿದ್ದರು, ಎರಡು ಮನೆ ಆಚೆಗೆ. ಅವರ ಹಲ್ಲುಗಳಲ್ಲಿ ಒಂದು ಕಲೆಯೂ ಇರಲಿಲ್ಲ.

ಅಮ್ಮನ ಮುಂದಿನ ಹಲ್ಲುಗಳ ಮೇಲೆ ಕಂದು ಬಣ್ಣದ ಪಟ್ಟೆಗಳಿವೆ. ಹತ್ತಿರದಿಂದ ನೋಡಿದರೆ ಸೂಜಿಯಿಂದ ಚುಚ್ಚಿದಂತೆ ಸಣ್ಣ ಸಣ್ಣ ಗುಳಿಗಳೂ ಕಾಣುತ್ತವೆ. ಇದ್ದಿಲು, ಉಪ್ಪು, ಇಟ್ಟಿಗೆಪುಡಿ, ಯಾರೋ ಹೇಳಿದ ನಿಂಬೆಹಣ್ಣಿನ ಸಿಪ್ಪೆ, ಎಲ್ಲದರಲ್ಲೂ ಅವರು ಉಜ್ಜಿ ನೋಡಿದ್ದರು. ಒಸಡಿನಲ್ಲಿ ರಕ್ತ ಬಂತೇ ಹೊರತು ಕಲೆ ಹೋಗಲಿಲ್ಲ. ನೋಡಲು ಬಂದ ಮೊದಲ ಗಂಡಿನ ಕಡೆಯವರು ಅವಲಕ್ಕಿ ತಿಂದು, ಕೈ ತೊಳೆದು, ಹೊರಡುವ ಹೊತ್ತಿನಲ್ಲಿ "ಹುಡುಗಿಗೆ ಹೊಗೆಸೊಪ್ಪಿನ ಅಭ್ಯಾಸ ಇದೆಯೇನು?" ಎಂದು ಕೇಳಿದ್ದರಂತೆ. ಅಜ್ಜಿಯ ವಿವರಣೆ ಬೇರೆ: "ದೊಡ್ಡವಳು ಬೆಳಗಾಗೆದ್ದು ಬೇವಿನ ಕಡ್ಡಿ ಹಿಡಿಯುತ್ತಿದ್ದಳು. ಚಿಕ್ಕವಳಿಗೆ ಸೋಮಾರಿತನ." ಈ ಮಾತು ಮನೆಯಲ್ಲಿ ಎಷ್ಟು ಸಲ ಬಂದಿತ್ತೆಂದರೆ ಅಮ್ಮ ಸ್ವತಃ ಅದನ್ನು ನಂಬಿದ್ದರು.

ಜೈವಿಕ ಮಾನವಶಾಸ್ತ್ರ ಓದಲು ಸೇರಿದ ಮೊದಲ ವರ್ಷದಲ್ಲಿ ಒಂದು ಮಧ್ಯಾಹ್ನ, ಕತ್ತಲೆ ಮಾಡಿದ ತರಗತಿಯಲ್ಲಿ ಗೋಡೆಯ ಮೇಲೆ ಒಂದು ಬಾಯಿಯ ಚಿತ್ರ ಮೂಡಿತು. ಮೂಗಿನಿಂದ ಮೇಲಕ್ಕೆ ಮುಖವೇ ಇಲ್ಲ, ಬರೀ ತುಟಿ ಮತ್ತು ಹಲ್ಲು. ಕಂದು ಪಟ್ಟೆ, ಸೂಜಿಗುಳಿ. ನನ್ನ ಮೈ ಜುಮ್ಮೆಂದಿತು. ನಮ್ಮಮ್ಮ ಇಪ್ಪತ್ತೈದು ವರ್ಷ ಸೆರಗಿನಲ್ಲಿ ಮುಚ್ಚಿಟ್ಟಿದ್ದನ್ನು ಯಾರೋ ಗೋಡೆಯಷ್ಟು ದೊಡ್ಡದಾಗಿ ತೋರಿಸುತ್ತಿದ್ದರು. ಕೆಳಗೆ ಬರೆದಿತ್ತು: ದಂತ ಫ್ಲೋರೋಸಿಸ್, ಅಂದರೆ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿ ಹಲ್ಲಿಗೆ ಬರುವ ತೊಂದರೆ.

ನನ್ನ ಕೆಲಸವೇನು ಎಂದು ಊರಲ್ಲಿ ಕೇಳುವವರಿಗೆ ಒಂದೇ ಮಾತಿನಲ್ಲಿ ಹೇಳುವುದು ಕಷ್ಟ. ಮೂಳೆಯ ಮಾತು ಎತ್ತಿದರೆ ಮೊಣಕಾಲು ತೋರಿಸುತ್ತಾರೆ, ಮಾನವಶಾಸ್ತ್ರ ಎಂದರೆ ಮನಶ್ಶಾಸ್ತ್ರ ಎಂದುಕೊಳ್ಳುತ್ತಾರೆ. ಅನ್ನ, ನೀರು, ನೆಲ, ದುಡಿಮೆ, ಸಂಬಂಧ ಇವೆಲ್ಲ ಸೇರಿ ಮನುಷ್ಯನ ದೇಹವನ್ನು ಹೇಗೆ ತಿದ್ದುತ್ತವೆ ಎಂದು ನೋಡುವ ವಿದ್ಯೆ ಇದು. ಬದುಕಿರುವವರಾದರೆ ಎತ್ತರ, ತೂಕ, ತೋಳಿನ ಸುತ್ತಳತೆ, ಚರ್ಮದಡಿಯ ಕೊಬ್ಬಿನ ದಪ್ಪ ಅಳೆಯುತ್ತೇವೆ. ಯಾರು ಯಾರನ್ನು ಮದುವೆಯಾದರು ಎಂದು ವಂಶವೃಕ್ಷ ಬರೆದುಕೊಳ್ಳುತ್ತೇವೆ. ತೀರಿಹೋದವರಾದರೆ ಉಳಿದ ಮೂಳೆ ಮತ್ತು ಹಲ್ಲು.

ಅಳೆಯುವುದು ಸುಲಭವೆಂದು ತೋರುತ್ತದೆ, ಆದರೆ ಅಲ್ಲ. ಬೆಳಿಗ್ಗೆ ಎದ್ದಾಗ ಇರುವ ಎತ್ತರ ಸಂಜೆಗೆ ಇರುವುದಿಲ್ಲ. ದಿನವಿಡೀ ಭಾರ ಹೊತ್ತ ಬೆನ್ನುಮೂಳೆಯ ನಡುವಿನ ಮೆತ್ತೆಗಳು ಒತ್ತಿಕೊಂಡು ಒಂದು ಸೆಂಟಿಮೀಟರಿನಷ್ಟು ಕಡಿಮೆಯಾಗಿರುತ್ತದೆ. ಹಾಗಾಗಿ ಬೆಳಿಗ್ಗೆಯೇ ಅಳೆಯಬೇಕು, ಬೆಳಿಗ್ಗೆ ಯಾರೂ ಮನೆಯಲ್ಲಿರುವುದಿಲ್ಲ. ಶೇಂಗಾ ಕೀಳುವ ಕಾಲದಲ್ಲಂತೂ ಊರೇ ಹೊಲದಲ್ಲಿರುತ್ತದೆ. ತಲೆ ನೆಟ್ಟಗಿರಬೇಕು: ಕಿವಿಯ ರಂಧ್ರದ ಮೇಲಂಚು, ಕಣ್ಣುಗುಳಿಯ ಕೆಳಅಂಚು ಒಂದೇ ಮಟ್ಟದಲ್ಲಿ. ಹೆಂಗಸರ ತುರುಬು ಅಳತೆಪಟ್ಟಿಗೆ ಅಡ್ಡ ಬರುತ್ತದೆ, ಬಿಚ್ಚಿರೆಂದು ಕೇಳುವುದು ಸಣ್ಣ ಮಾತಲ್ಲ. ನಾಲ್ಕು ಜನರೆದುರು ತುರುಬು ಬಿಚ್ಚುವ ಪದ್ಧತಿ ನಮ್ಮ ಕಡೆ ಯಾವ ಮನೆಯಲ್ಲಿದೆ? ಮನೆಯೊಳಗೆ ಕರೆದುಕೊಂಡು ಹೋಗಿ, ಬಾಗಿಲು ಮುಂದೆ ಮಾಡಿ, ಗೋಡೆಗೆ ಆನಿಸಿ ನಿಲ್ಲಿಸಿ ಅಳೆಯುವುದನ್ನು ನಾನು ನಿಧಾನವಾಗಿ ಕಲಿತೆ.

ವಯಸ್ಸು ಇನ್ನೊಂದು ಕಗ್ಗಂಟು. ಹಿರಿಯರಿಗೆ ಹುಟ್ಟಿದ ತಾರೀಖು ಗೊತ್ತಿಲ್ಲ; ಗುರುತಿನ ಚೀಟಿಯಲ್ಲಿ ಇರುವುದು ಯಾರೋ ಅಂದಾಜಿಗೆ ಬರೆದದ್ದು. ಆಗ ಘಟನೆಗಳನ್ನು ಹಿಡಿದು ಹಿಂದಕ್ಕೆ ಹೋಗಬೇಕು. ಇಂದಿರಾ ಗಾಂಧಿ ತೀರಿಕೊಂಡಾಗ ನಿಮಗೆ ಎಷ್ಟು ಮಕ್ಕಳಿದ್ದರು? ಊರಿಗೆ ಕರೆಂಟು ಬಂದಾಗ ನಿಮಗೆ ಮದುವೆಯಾಗಿತ್ತೇ? 1972ರ ಬರ ನೆನಪಿದೆಯೇ? ಬರವನ್ನು ಯಾರೂ ಮರೆತಿರುವುದಿಲ್ಲ.

ಸಂತ ತಿಪ್ಪೇರುದ್ರಸ್ವಾಮಿಯ ಊರಾದ ನಾಯಕನಹಟ್ಟಿಯ ಆಚೆಗಿನ ಒಂದು ಹಳ್ಳಿಯಲ್ಲಿ, ಹತ್ತು ವರ್ಷಗಳ ಹಿಂದೆ ಇರಬಹುದು, ಎಂಬತ್ತರ ಆಸುಪಾಸಿನ ಅಜ್ಜಿಯೊಬ್ಬರು ನನ್ನ ಅಳತೆಕೋಲನ್ನು ತಲೆಯಿಂದ ಬುಡದವರೆಗೆ ನೋಡಿದರು. ಗಾಂಧೀಜಿ ತೀರಿಕೊಂಡ ವರ್ಷ ಅವರಿಗೆ ಮದುವೆಯಾಗಿತ್ತು, ಆಗಿನ್ನೂ ಮೈನೆರೆದಿರಲಿಲ್ಲ. ಎಲ್ಲ ಅಳತೆಗಳನ್ನೂ ಸುಮ್ಮನೆ ಕೊಟ್ಟರು. ಕೊನೆಗೆ ಕಟ್ಟೆಯ ಮೇಲೆ ಕುಳಿತು ಎಲೆಗೆ ಸುಣ್ಣ ಸವರುತ್ತ ಕೇಳಿದರು:

"ದರ್ಜಿ ಅಳತೆ ತೆಗೆದರೆ ಕುಪ್ಪಸ ಹೊಲಿದು ಕೊಡುತ್ತಾನೆ. ಬಳೆಗಾರ ಕೈ ಒತ್ತಿ ನೋಡಿದರೆ ಬಳೆ ತೊಡಿಸುತ್ತಾನೆ. ನೀನು ಏನು ಕೊಡುತ್ತೀಯ ತಾಯಿ? ಮಾಡಿದಷ್ಟು ನೀಡು ಭಿಕ್ಷೆ ಎಂದಿದ್ದಾನೆ ನಮ್ಮ ತಿಪ್ಪೇಶ."

ಸಂಶೋಧನೆಗೆ ಉಪಯೋಗವಾಗುತ್ತದೆ ಅಜ್ಜಿ, ಮುಂದೆ ಸರ್ಕಾರದ ಯೋಜನೆಗಳಿಗೂ ಅನುಕೂಲವಾಗಬಹುದು ಎಂದೆ. ಅವರು ತಲೆಯಾಡಿಸಿ ಎಲೆ ಬಾಯಿಗೆ ಹಾಕಿಕೊಂಡರು. ಆ ಮಾತು ಎಷ್ಟು ಪೊಳ್ಳು ಎಂದು ಹೇಳುತ್ತಿದ್ದಾಗಲೇ ನನಗೆ ಗೊತ್ತಾಗಿತ್ತು. ಕೈಯಲ್ಲಿದ್ದ ಹಾಳೆ ನೋಡಿದೆ. ಅವರ ಎತ್ತರಕ್ಕಿಂತ ಚಾಚಿದ ತೋಳುಗಳ ಉದ್ದ ಆರು ಸೆಂಟಿಮೀಟರು ಹೆಚ್ಚಿತ್ತು. ಪ್ರಾಯದಲ್ಲಿ ಇವೆರಡೂ ಹೆಚ್ಚುಕಡಿಮೆ ಸಮನಾಗಿರುತ್ತವೆ. ವಯಸ್ಸಾದಂತೆ ಬೆನ್ನು ಕುಸಿಯುತ್ತದೆ, ತೋಳಿನ ಮೂಳೆ ಕುಸಿಯುವುದಿಲ್ಲ. "ಅಜ್ಜಿ, ನೀವು ಹರೆಯದಲ್ಲಿ ಇಷ್ಟು ಎತ್ತರ ಇದ್ದಿರಿ" ಎಂದು ಗೋಡೆಯ ಮೇಲೆ ಬೆರಳಿಟ್ಟು ತೋರಿಸಿದೆ.

ಅವರು ಎದ್ದು ಬಂದು ಆ ಜಾಗವನ್ನು ಅಂಗೈಯಿಂದ ಸವರಿದರು. "ನಮ್ಮ ಯಜಮಾನರು ನನ್ನನ್ನು ಉದ್ದನೆಯವಳು ಎಂದು ಕರೆಯುತ್ತಿದ್ದರು. ಮೊಮ್ಮಕ್ಕಳು ಯಾರೂ ನಂಬುವುದಿಲ್ಲ. ಬರೆದು ಕೊಡು." ಅವರಿಗೆ ಓದಲು ಬರುತ್ತಿರಲಿಲ್ಲ. ಬರೆದುಕೊಟ್ಟೆ. ಚೀಟಿಯನ್ನು ನಾಲ್ಕಾಗಿ ಮಡಚಿ ಎಲೆಅಡಿಕೆಯ ಸಂಚಿಯೊಳಗೆ ಇಟ್ಟುಕೊಂಡರು. ಅಂದಿನಿಂದ ಅಳೆಸಿಕೊಂಡ ಪ್ರತಿಯೊಬ್ಬರ ಕೈಗೂ ಅವರ ಅಳತೆಯನ್ನು ಕನ್ನಡದಲ್ಲಿ ಬರೆದ ಚೀಟಿ ಕೊಟ್ಟೇ ಮುಂದಿನ ಮನೆಗೆ ಹೋಗುತ್ತೇನೆ. ಮಗುವಿನ ತೋಳಿನ ಸುತ್ತಳತೆ ಹನ್ನೆರಡೂವರೆ ಸೆಂಟಿಮೀಟರಿಗಿಂತ ಕಡಿಮೆ ಬಂದರೆ ತಾಯಿಗೆ ಅದರ ಅರ್ಥ ಹೇಳಿ, ಅಂಗನವಾಡಿ ಕಾರ್ಯಕರ್ತೆಯನ್ನು ಅಲ್ಲಿಗೇ ಕರೆಸುತ್ತೇನೆ. ಹನ್ನೊಂದೂವರೆಗಿಂತ ಕಡಿಮೆಯಾದರೆ ಅಂದೇ ಆಸ್ಪತ್ರೆಗೆ.

ಅಜ್ಜಿಯ ಪ್ರಶ್ನೆಯ ಹಿಂದೆ ದೊಡ್ಡ ಚರಿತ್ರೆಯೇ ಇದೆ. ನಮ್ಮ ವಿದ್ಯೆ ಈ ದೇಶದಲ್ಲಿ ಶುರುವಾದದ್ದು ಕೊಡುವುದಕ್ಕಲ್ಲ. 1901ರ ಜನಗಣತಿಯ ಮುಖ್ಯಸ್ಥರಾಗಿದ್ದ ಹರ್ಬರ್ಟ್ ರಿಸ್ಲೆ ಅದಕ್ಕೂ ಹತ್ತು ವರ್ಷ ಮೊದಲೇ ಮೂಗುಗಳನ್ನು ಅಳೆಸಿದ್ದರು. ಮೂಗಿನ ಅಗಲವನ್ನು ಉದ್ದದಿಂದ ಭಾಗಿಸಿ ನೂರರಿಂದ ಗುಣಿಸುವುದು. ಬಂದ ಅಂಕಿ ಕಡಿಮೆಯಾದಷ್ಟೂ ಜಾತಿ ಮೇಲೆ, ಹೆಚ್ಚಾದಷ್ಟೂ ಕೆಳಗೆ ಎಂದು ಸಾರುವುದು. ಮದರಾಸಿನ ವಸ್ತುಸಂಗ್ರಹಾಲಯದ ಎಡ್ಗರ್ ಥರ್ಸ್ಟನ್ ದಕ್ಷಿಣದ ಜನರನ್ನು ಇದೇ ಬಗೆಯ ಉಪಕರಣಗಳಿಂದ ಅಳೆದು 1909ರಲ್ಲಿ ಏಳು ಸಂಪುಟಗಳನ್ನು ಹೊರತಂದರು. ಅಳೆಸಿಕೊಂಡವರ ಪಾಲಿಗೆ ಉಳಿದದ್ದು ಒಂದು ಹಣೆಪಟ್ಟಿ. ಮೂಗಿನ ಅಗಲ ಅಳೆಯುವ, ಎರಡು ಹಲ್ಲಿನ ಆ ಸರಿಯುವ ಕ್ಯಾಲಿಪರ್ ನನ್ನ ಚೀಲದಲ್ಲೂ ಇದೆ. ಅದನ್ನು ಹಿಡಿದಾಗಲೆಲ್ಲ ಯಾರ ಕೈಯಿಂದ ಬಂದ ಉಪಕರಣ ಎಂಬ ನೆನಪು ನನಗಿರಬೇಕು ಎಂದುಕೊಳ್ಳುತ್ತೇನೆ.

ಅದೇ ಚರಿತ್ರೆಯಲ್ಲಿ ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆ ಕೂಡ ಇದ್ದಾರೆ ಎಂಬುದು ನನ್ನ ಧೈರ್ಯ. 1920ರ ದಶಕದ ಕೊನೆಯಲ್ಲಿ ಅವರು ಬರ್ಲಿನ್ನಿನಲ್ಲಿ ಓದುತ್ತಿದ್ದಾಗ ಗುರು ಓಯ್ಗೆನ್ ಫಿಷರ್ ಜನಾಂಗದ ಮೇಲುಕೀಳುಗಳನ್ನು ನಂಬಿದ್ದ ವಿಜ್ಞಾನಿ. ತಲೆಬುರುಡೆಯ ಎಡಬಲಗಳ ಅಸಮತೆಗೂ ಜನಾಂಗಕ್ಕೂ ಸಂಬಂಧ ಹುಡುಕುವ ಕೆಲಸವನ್ನು ಈ ಹುಡುಗಿಗೆ ಕೊಟ್ಟರು. ಕರ್ವೆ ಅಳೆದರು, ಅಂಥ ಸಂಬಂಧ ಇಲ್ಲವೆಂದು ಕಂಡರು, ಇಲ್ಲವೆಂದೇ ಬರೆದರು. ಪರದೇಶದಲ್ಲಿ, ಒಬ್ಬಳೇ, ಪದವಿ ಕೊಡಬೇಕಾದ ಗುರುವಿನ ಎದುರಿಗೆ. ಅಳತೆ ಏನು ಹೇಳಿತೋ ಅದನ್ನೇ ಹೇಳುವ ಆ ಗಟ್ಟಿತನವನ್ನು ನಾನು ತುಂಬ ಗೌರವಿಸುತ್ತೇನೆ.

ಚಿತ್ರದುರ್ಗ ಜಿಲ್ಲೆಯಲ್ಲಿ ಈ ಕೆಲಸ ಮಾಡುವವರ ಕಾಲಿಗೆ ಬ್ರಹ್ಮಗಿರಿ ತೊಡರದೆ ಇರುವುದಿಲ್ಲ. ಅಮ್ಮನ ತವರಿನಿಂದ ದೂರವೇನಲ್ಲ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವ್ಹೀಲರ್ ಇಲ್ಲಿ ಅಗೆದರು. ಕಲ್ಲುಕೊಡಲಿಯ ಜನ, ಅವರ ಮೇಲಿನ ಪದರದಲ್ಲಿ ಬೃಹತ್ ಶಿಲಾ ಸಮಾಧಿಗಳನ್ನು ಕಟ್ಟಿದ ಜನ, ಅದರ ಮೇಲೆ ಇತಿಹಾಸ ಕಾಲದ ಜನ ಎಂದು ಪದರಪದರವಾಗಿ ಬಿಡಿಸಿ ತೋರಿಸಿದರು. ದಕ್ಷಿಣ ಭಾರತದ ಪ್ರಾಚೀನ ಕಾಲಕ್ಕೆ ಅದೊಂದು ಅಳತೆಗೋಲಾಯಿತು. ಗ್ರಾನೈಟಿನ ನಾಲ್ಕು ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಮುಚ್ಚಿ, ಪೂರ್ವದ ಕಲ್ಲಿನಲ್ಲಿ ದುಂಡನೆಯ ಕಿಂಡಿ ಕೊರೆದ ಆ ಗೋರಿಗಳಿಗೆ ನಮ್ಮ ಜನ ಮೋರೇರ ಮನೆ ಎನ್ನುತ್ತಾರೆ. ಒಳಗೆ ಒಬ್ಬರಲ್ಲ, ಹಲವರ ಮೂಳೆಗಳು. ಬೇರೆಲ್ಲೋ ಇಟ್ಟು ಆಮೇಲೆ ಆಯ್ದು ತಂದು ಇಟ್ಟವು. ಕಲ್ಲುಕೊಡಲಿಯ ಕಾಲದವರು ತೀರಿಕೊಂಡ ಹಸುಗೂಸುಗಳನ್ನು ಮಡಕೆಯಲ್ಲಿಟ್ಟು ಹೂಳುತ್ತಿದ್ದರು. ಅಂಥ ಮಡಕೆಯ ಚಿತ್ರವನ್ನು ನೋಡುವಾಗ ಬಸಿರಿನಂತಿರುವ ಅದರ ಆಕಾರ ಕಣ್ಣಿಗೆ ಕಟ್ಟುತ್ತದೆ.

ಅಲ್ಲೇ ಬಂಡೆಯ ಮೇಲೆ ಅಶೋಕನ ಶಾಸನವಿದೆ. 1892ರಲ್ಲಿ ಲೂಯಿಸ್ ರೈಸ್ ಬೆಳಕಿಗೆ ತಂದದ್ದು. ತಾಯಿತಂದೆಯರ ಮಾತು ಕೇಳಬೇಕು, ಜೀವಿಗಳಲ್ಲಿ ದಯೆ ಇರಬೇಕು, ನಿಜ ಹೇಳಬೇಕು ಎಂಬ ಸಾಲುಗಳು. ಬರೆದವನು ಚಪಡ ಎಂಬ ಲಿಪಿಕಾರ. ತಾನು ಬರೆದೆನೆಂದು ಹೇಳುವಾಗ ಮಾತ್ರ ವಾಯವ್ಯ ಭಾರತದ ಖರೋಷ್ಠಿ ಲಿಪಿಯನ್ನು ಬಳಸಿದ. ಇಷ್ಟು ದೂರ ಬಂದ ಮೇಲೂ ಕೈ ತನ್ನ ಕಡೆಯ ಅಕ್ಷರವನ್ನು ಮರೆತಿರಲಿಲ್ಲ.

ಹಲ್ಲು ಕೂಡ ಹಾಗೆಯೇ. ನಮ್ಮ ಮೂಳೆ ಬದುಕಿರುವವರೆಗೂ ತನ್ನನ್ನು ತಾನು ಒಡೆದು ಕಟ್ಟಿಕೊಳ್ಳುತ್ತಲೇ ಇರುತ್ತದೆ. ಹಲ್ಲಿನ ಮೇಲಿನ ಎನಾಮಲ್ ಹಾಗಲ್ಲ. ಹಾಲುಹಲ್ಲಿನ ಅಡಿಯಲ್ಲಿ, ಒಸಡಿನ ಕತ್ತಲೆಯಲ್ಲಿ, ಹುಟ್ಟಿನಿಂದ ಏಳೆಂಟು ವರ್ಷದವರೆಗೆ ಅದು ಪದರಪದರವಾಗಿ ತಯಾರಾಗುತ್ತದೆ. ಒಮ್ಮೆ ಮುಗಿದರೆ ಮುಗಿಯಿತು, ಮತ್ತೆ ತಿದ್ದುವ ಜೀವಕೋಶವೇ ಅಲ್ಲಿ ಉಳಿಯುವುದಿಲ್ಲ. ಅದರ ತೂಕದ ಶೇಕಡ 96ರಷ್ಟು ಖನಿಜವೇ ಆದ್ದರಿಂದ ಮೂಳೆ ಪುಡಿಯಾದ ಮಣ್ಣಿನಲ್ಲೂ ಹಲ್ಲು ಸಿಗುತ್ತದೆ. ಒಂದು ಬೃಹತ್ ಶಿಲಾ ಸಮಾಧಿಯಿಂದ ಬಂದ ಕೋರೆಹಲ್ಲನ್ನು ವಿದ್ಯಾರ್ಥಿಯಾಗಿದ್ದಾಗ ಬೆರಳುಗಳ ನಡುವೆ ಹಿಡಿದಿದ್ದೆ. ಮಸೂರದಡಿ ಓರೆಯಾಗಿ ಬೆಳಕು ಬಿಟ್ಟಾಗ ಅಡ್ಡಡ್ಡಲಾಗಿ ಎರಡು ಸಣ್ಣ ತಗ್ಗುಗೆರೆಗಳು ಕಂಡವು. ಕಾಯಿಲೆಯೋ ಹಸಿವೋ ಬಂದು ಮೈ ಬೆಳೆಯುವುದನ್ನು ನಿಲ್ಲಿಸಿದ ದಿನಗಳ ಗುರುತು. ಬೇರು ಶುರುವಾಗುವ ಕಡೆಯಿಂದ ಗೆರೆಯ ದೂರ ಅಳೆದರೆ ಆಗ ಮಗುವಿಗೆ ಸುಮಾರು ಎಷ್ಟು ವಯಸ್ಸು ಎಂದು ತಿಳಿಯುತ್ತದೆ. ಮೊದಲ ಗೆರೆ ಮೂರರ ಹತ್ತಿರ. ಎದೆಹಾಲು ಬಿಡಿಸಿದ ಕಾಲ ಇರಬಹುದು. ಮಗು ಎರಡೂ ಸಲ ಚೇತರಿಸಿಕೊಂಡಿತ್ತು. ಗೆರೆಯ ಕೆಳಗೆ ಎನಾಮಲ್ ಮತ್ತೆ ನುಣುಪಾಗಿ ಬೆಳೆದಿದ್ದೇ ಸಾಕ್ಷಿ. ಎರಡು ಸಲವೂ ಯಾರೋ ರಾತ್ರಿಯೆಲ್ಲ ಎದ್ದು ಕುಳಿತಿದ್ದರು ಎಂದು ನಾನು ನಂಬುತ್ತೇನೆ. ಈ ನಂಬಿಕೆಯನ್ನು ಪ್ರಬಂಧದಲ್ಲಿ ಬರೆಯಲಾಗುವುದಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ಎನಾಮಲ್ಲಿನೊಳಗೆ ಇನ್ನೊಂದು ಗುಟ್ಟೂ ಇದೆ. ಬಂಡೆಯಲ್ಲಿರುವ ಸ್ಟ್ರಾನ್ಷಿಯಂ ಎಂಬ ಧಾತು ಮಣ್ಣು, ನೀರು, ಕಾಳುಗಳ ಮೂಲಕ ಮಗುವಿನ ಹಲ್ಲನ್ನು ಸೇರುತ್ತದೆ. ಬಂಡೆಯ ವಯಸ್ಸು ಮತ್ತು ಬಗೆಗೆ ತಕ್ಕಂತೆ ಅದರ ಐಸೊಟೋಪುಗಳ, ಅಂದರೆ ತೂಕದಲ್ಲಿ ಮಾತ್ರ ಬೇರೆಯಾದ ಅದರ ರೂಪಗಳ ಪ್ರಮಾಣ ಬೇರೆಬೇರೆ. ಸಾವಿರಾರು ವರ್ಷಗಳ ಬಳಿಕವೂ ಹಲ್ಲಿನ ಚೂರನ್ನು ಪರೀಕ್ಷಿಸಿ ಈಕೆ ಇಲ್ಲಿಯ ನೆಲದ ಮಗುವೋ, ಬೇರೆಡೆ ಬೆಳೆದು ಇಲ್ಲಿಗೆ ಬಂದವಳೋ ಎಂದು ಹೇಳಲು ಸಾಧ್ಯ. ಇದನ್ನು ಮೊದಲ ಸಲ ಓದಿದಾಗ ನನಗೆ ಹೊಳೆದದ್ದು ಒಂದೇ ಪದ: ತವರು. ಸೊಸೆಯಾಗಿ ಬಂದು, ಹೆತ್ತು, ದುಡಿದು, ಗಂಡನ ಮನೆಯ ಗೋರಿಯಲ್ಲೇ ಮಲಗಿದರೂ ಅವಳ ಹಲ್ಲು ತವರಿನ ನೀರನ್ನು ಬಿಟ್ಟುಕೊಟ್ಟಿರುವುದಿಲ್ಲ.

ಮತ್ತೆ ಅಮ್ಮನ ಕಡೆಗೆ ಬರುತ್ತೇನೆ. ತರಗತಿಯಲ್ಲಿ ಚಿತ್ರ ನೋಡಿದ ದಿನ ಅರ್ಧ ಉತ್ತರ ಸಿಕ್ಕಿತ್ತು. ಚಿತ್ರದುರ್ಗದ ಪೂರ್ವದ ತಾಲ್ಲೂಕುಗಳು ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆ. ಕೆಳಗೆ ಗ್ರಾನೈಟು, ನೈಸ್ ಶಿಲೆಗಳು. ಅವುಗಳ ಬಿರುಕಿನಲ್ಲಿ ವರ್ಷಗಟ್ಟಲೆ ನಿಂತ ನೀರು ಕಲ್ಲಿನೊಳಗಿನ ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಕುಡಿಯಬಾರದು. ಅಂಥ ನೀರು ಕುಡಿದ ಮಗುವಿನ ಎನಾಮಲ್ ಸರಿಯಾಗಿ ಗಟ್ಟಿಯಾಗುವುದಿಲ್ಲ, ಒಳಗೆ ಸೂಕ್ಷ್ಮ ರಂಧ್ರಗಳು ಉಳಿಯುತ್ತವೆ. ಹಲ್ಲು ಮೂಡಿದ ಮೇಲೆ ಅವುಗಳೊಳಗೆ ಕಂದು ಬಣ್ಣ ಇಳಿಯುತ್ತದೆ. ಮೇಲಿನಿಂದ ಎಷ್ಟು ಉಜ್ಜಿದರೂ ಹೋಗದು. ಇದನ್ನು ಹಾಸ್ಟೆಲಿನಿಂದ ಫೋನ್ ಮಾಡಿ ಅಮ್ಮನಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಅಕ್ಕನಿಗೆ ಯಾಕಿಲ್ಲ? ಅದೇ ನೀರಲ್ಲವೇ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಬೇವಿನ ಕಡ್ಡಿಯೇ ಮತ್ತೆ ಗೆದ್ದಿತು.

ಉಳಿದರ್ಧ ಸಿಕ್ಕಿದ್ದು ಎರಡು ವರ್ಷಗಳ ಹಿಂದೆ, ನಾಯಕನಹಟ್ಟಿ ಜಾತ್ರೆ ಮುಗಿಸಿ ಅಮ್ಮನ ತವರಿನಲ್ಲಿ ಉಳಿದಿದ್ದಾಗ. ಊರೂರು ಸುತ್ತಿ ಬೇರೆಯವರ ವಂಶವೃಕ್ಷ ಬರೆದಿದ್ದೇನೆ, ನಮ್ಮದನ್ನು ಬರೆದಿಲ್ಲವಲ್ಲ ಎಂದು ಕಾಗದ ಹರಡಿಕೊಂಡು ಕುಳಿತೆ. ದೊಡ್ಡಮ್ಮನ ವಯಸ್ಸು ಕೇಳಿದೆ. ಅವರು ಬೇರೆಲ್ಲರಂತೆ ಘಟನೆ ಹಿಡಿದೇ ಹೇಳಿದರು: "ಬರ ಬಂದ ಮಾರನೆಯ ವರ್ಷ ಊರಿಗೆ ಬೋರಿಂಗ್ ಹಾಕಿದರಲ್ಲ, ಆಗ ನನಗೆ ಹನ್ನೆರಡೋ ಹದಿಮೂರೋ. ನಿಮ್ಮಮ್ಮ ಅಂಬೆಗಾಲಿಡುತ್ತಿದ್ದಳು. ಸೊಂಟದ ಮೇಲೆ ಇವಳನ್ನು ಕೂರಿಸಿಕೊಂಡೇ ನಾನು ಬೋರಿಂಗ್ ಹೊಡೆಯುತ್ತಿದ್ದೆ."

ನನ್ನ ಪೆನ್ನು ನಿಂತಿತು. "ಅದಕ್ಕೂ ಮೊದಲು ನೀರು ಎಲ್ಲಿಂದ ದೊಡ್ಡಮ್ಮ?"

"ಕೆರೆಯ ಅಂಗಳದ ಬಾವಿಯಿಂದ. ಮೆಟ್ಟಿಲಿಳಿದು ಕೊಡ ಅದ್ದುತ್ತಿದ್ದೆವು."

ಮಳೆನೀರು ಇಂಗಿ ಬರುವ ಮೇಲ್ಮಟ್ಟದ ಬಾವಿ ಒಂದು, ಬಂಡೆಯ ಆಳದಿಂದ ಎಳೆದ ಕೊಳವೆಬಾವಿ ಇನ್ನೊಂದು. ಆ ಬೋರಿಂಗ್ ಊರಿನ ಬಾಯಾರಿಕೆ ತೀರಿಸಲು ಬಂದದ್ದು, ಹಾಕಿಸಿದವರ ಮನಸ್ಸಿನಲ್ಲಿ ಒಳ್ಳೆಯದೇ ಇತ್ತು. ಅದು ಬರುವಷ್ಟರಲ್ಲಿ ದೊಡ್ಡಮ್ಮನ ಮುಂದಿನ ಹಲ್ಲುಗಳೆಲ್ಲ ತಯಾರಾಗಿ ಮೂಡಿಯಾಗಿತ್ತು. ಅಮ್ಮನ ಹಲ್ಲುಗಳು ಆಗಷ್ಟೇ ಒಸಡಿನೊಳಗೆ ಪದರ ಕಟ್ಟುತ್ತಿದ್ದವು. ನಾನು ದಾವಣಗೆರೆಯ ಕುಂದವಾಡ ಕೆರೆಯ ನೀರು ಕುಡಿದು ಬೆಳೆದವಳು, ನನ್ನ ಹಲ್ಲಿನಲ್ಲಿ ಅಮ್ಮನದೇನೂ ಬಂದಿಲ್ಲ. ಒಂದೇ ರಕ್ತ, ಮೂರು ನೀರು. ದೊಡ್ಡಮ್ಮ ಆಮೇಲೆ ನಲವತ್ತು ವರ್ಷ ಅದೇ ಬೋರಿಂಗ್ ನೀರು ಕುಡಿದರು. ಹಲ್ಲು ತಪ್ಪಿಸಿಕೊಂಡಿತು, ಮೂಳೆ ತಪ್ಪಿಸಿಕೊಂಡಿತೋ ಇಲ್ಲವೋ ಎಕ್ಸ್‌ರೇ ತೆಗೆಸದೆ ಹೇಳಲಾಗದು. ಅವರ ಕುತ್ತಿಗೆ ಈಗ ಪಕ್ಕಕ್ಕೆ ಸರಾಗವಾಗಿ ತಿರುಗುವುದಿಲ್ಲ. ಚಿತ್ರದುರ್ಗಕ್ಕೆ ಕರೆದುಕೊಂಡು ಹೋಗಿ ತೋರಿಸುವ ಮಾತು ನಡೆದಿದೆ.

ಎಲ್ಲವನ್ನೂ ಬಿಡಿಸಿ ಹೇಳಿದೆ. ಬೇವಿನ ಕಡ್ಡಿಯ ಮಾತಾಡುತ್ತಿದ್ದ ಅಜ್ಜಿ ಈಗ ಇಲ್ಲ, ಇದ್ದಿದ್ದರೆ ಅವರೆದುರೇ ಹೇಳುತ್ತಿದ್ದೆ. ದೊಡ್ಡಮ್ಮ ಎರಡೂ ಕೈಯಿಂದ ತಲೆ ಹಿಡಿದುಕೊಂಡು, "ಅಯ್ಯೋ, ನಾನೇ ಹೊಡೆದು ಕುಡಿಸಿದ ನೀರು" ಎಂದರು. ಅಮ್ಮ ಏನೂ ಹೇಳಲಿಲ್ಲ. ಎದ್ದು ಹೋಗಿ ಹೊರಗೆ ನಿಂತರು. ಆ ಬೋರಿಂಗ್ ಇನ್ನೂ ಅಲ್ಲೇ ಇದೆ, ಹಿಡಿಕೆ ಇಲ್ಲ, ಅಂತರ್ಜಲ ಬತ್ತಿ ಎಷ್ಟೋ ಕಾಲವಾಯಿತು. ಪಕ್ಕದಲ್ಲಿ ನಾಣ್ಯ ಹಾಕಿ ಕ್ಯಾನ್ ತುಂಬಿಸುವ ಶುದ್ಧ ನೀರಿನ ಘಟಕ ಬಂದಿದೆ. ಅಮ್ಮ ಬಹಳ ಹೊತ್ತು ಅಲ್ಲಿ ನಿಂತಿದ್ದರು. ಒಳಗೆ ಬಂದಾಗ ಕೇಳಿದ್ದು ಒಂದೇ: "ಮತ್ತೆ ಈಗಿನ ಮಕ್ಕಳು?"

ಮಾರನೆಯ ಬೆಳಿಗ್ಗೆ ಶಾಲೆಯ ಅಂಗಳದಲ್ಲಿ ಆಡುತ್ತಿದ್ದ ಮಕ್ಕಳ ಬಾಯಿಯನ್ನು ಅವರೇ ನೋಡಿಕೊಂಡು ಬಂದರು. ನಾನು ಕಳಿಸಿದ್ದಲ್ಲ.

ಈ ವರ್ಷ ವಿದ್ಯಾರ್ಥಿಗಳಿಗೆ ತೋರಿಸಲು ಒಂದು ಚಿತ್ರ ಬೇಕಿತ್ತು. ಪುಸ್ತಕದ ಚಿತ್ರಗಳು ಹೇರಳವಾಗಿವೆ, ನನಗೆ ಅವು ಬೇಡವಾಗಿದ್ದವು. ಹಿಂಜರಿಯುತ್ತಲೇ ಅಮ್ಮನನ್ನು ಕೇಳಿದೆ. ಮುಖ ಬರುವುದಿಲ್ಲ, ಹಲ್ಲು ಮಾತ್ರ, ಹೆಸರು ಹಾಕುವುದಿಲ್ಲ, ಬೇಡವೆಂದರೆ ಖಂಡಿತ ಬೇಡ. ಅಡುಗೆಮನೆಯ ಕಿಟಕಿಯ ಬೆಳಕಿಗೆ ಕುರ್ಚಿ ಎಳೆದುಕೊಂಡು ಕುಳಿತರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. ಅಳತೆಪಟ್ಟಿಯನ್ನು ಗಲ್ಲದ ಕೆಳಗೆ ತಾವೇ ಹಿಡಿದುಕೊಂಡರು. ತೆಗೆದ ಮೇಲೆ ಮೊಬೈಲ್ ಇಸಿದುಕೊಂಡು ಚಿತ್ರವನ್ನು ಎರಡು ಬೆರಳಿನಿಂದ ದೊಡ್ಡದು ಮಾಡಿ, ಒಂದೊಂದೇ ಹಲ್ಲಿನ ಮೇಲೆ ಸರಿಸುತ್ತ ನೋಡಿದರು.

"ನನ್ನದನ್ನು ಒಂದನ್ನೇ ತೋರಿಸಬೇಡ," ಎಂದರು. "ಅಕ್ಕನದನ್ನೂ ತೆಗೆದು ಪಕ್ಕದಲ್ಲಿ ಇಡು."